ಓಡದ ಸಾಲು

"ಅಲ್ರೀ, ಮತ್ತ ಅದ ಹಾಡ ತಂದ್ರ್ಯಾ?" ಜೋಳ ಹಸನು ಮಾಡುತ್ತಿದ್ದ ಕಾಶವ್ವ ಮೊರದಿಂದ ತಲೆ ಎತ್ತಿದಳು. ಮುಂಬಯಿಯ ಘಾಟ್ಕೋಪರ್ ಚಾಳಿನ ಆ ಒಂದೇ ಖೋಲಿಯಲ್ಲಿ ಭೈರವಿ ರಾಗದ ಒಂದೇ ಹಾಡಿನ ರೆಕಾರ್ಡುಗಳು ಆಗಲೇ ಐದಿದ್ದವು. ಗಂಡ ನೀಲಕಂಠಪ್ಪ ಇವತ್ತು ಆರನೆಯದನ್ನು ತಂದಿದ್ದ.

"ಹಾಡು ಅದ, ಹಾಡೋರು ಬ್ಯಾರೆ. ಸುಮ್ನ ಕೇಳು," ಎಂದು ಗ್ರಾಮಫೋನಿಗೆ ಕೀಲಿ ಕೊಟ್ಟು ಮುಳ್ಳು ಇಟ್ಟ.

ಹಾಡು ಮುಗಿಯಿತು. "ಇವರಿಗೂ ಲೋಕಲ್ ಗಾಡಿ ತಪ್ಪತೈತೇನ್ರೀ? ಕಡೇ ಸಾಲು ಬಂದಕೂಡಲೇ ಎಲ್ಲಾರೂ ಓಡ್ತಾರ," ಎಂದಳು ಕಾಶವ್ವ.

ನೀಲಕಂಠಪ್ಪ ನಕ್ಕ. "ರೆಕಾರ್ಡಿನಾಗ ಇರೂದ ಮೂರು ಮಿನಿಟಿನ ಜಾಗಾ. ಅಷ್ಟರಾಗ ಮುಗಸಬೇಕಲ್ಲ."

"ಹಂಗಾರ ಓಡದನ ಹಾಡಿದ್ರ ಆ ಸಾಲು ಹೆಂಗಿರತೈತಿ?"

ನೀಲಕಂಠಪ್ಪ ತನ್ನ ಆರೂ ರೆಕಾರ್ಡುಗಳ ಕಡೆ ನೋಡಿದ. ಹಳೇ ಸಾಮಾನಿನ ಚೋರ್ ಬಜಾರನ್ನೆಲ್ಲ ಜಾಲಾಡಿ ತಂದ ಅಷ್ಟೂ ರೆಕಾರ್ಡುಗಳಲ್ಲಿ ಅದೊಂದು ಇರಲಿಲ್ಲ. ಮುಳ್ಳಿನಡಿ ರೆಕಾರ್ಡು ಕರ್ ಕರ್ ಎನ್ನುತ್ತ ಸುಮ್ಮನೆ ಸುತ್ತುತ್ತಿತ್ತು.

ಕಾಶವ್ವನಿಗೆ ತಡೆಯಲಾಗಲಿಲ್ಲ. ಕೇಳಿ ಕೇಳಿ ಬಾಯಿಗೆ ಬಂದಿದ್ದ ಆ ಸಾಲನ್ನು, ಮೊರದಲ್ಲಿ ಕಲ್ಲು ಹುಡುಕುತ್ತಲೇ, ಜೋಳ ಹಸನು ಮಾಡುವಷ್ಟೇ ನಿಧಾನವಾಗಿ, ಉಸಿರು ಮುಗಿಯುವವರೆಗೆ ಎಳೆದು ಹಾಡಿದಳು.

ನೀಲಕಂಠಪ್ಪ ಮುಳ್ಳು ಎತ್ತಿ ಬದಿಗಿಟ್ಟ.

"ಇನ್ನೊಮ್ಮೆ ಹಾಡು," ಎಂದ. ಅವನ ಕೈ ರೂಢಿಯಂತೆ ಗ್ರಾಮಫೋನಿಗೆ ಕೀಲಿ ಕೊಡುತ್ತಿತ್ತು.