ಉಳಿಯಬೇಕಾದ ಅನ್ನ

ಕಂಪನಿಯ ಕ್ಯಾಂಟೀನಿಗೆ ಹೊಸದಾಗಿ ಬಂದಿದ್ದ ಅಡುಗೆಯ ಶಿವಮಾದು ಅಳತೆಯಲ್ಲಿ ಬಲು ಗಟ್ಟಿಗ. ಮೊದಲೆಲ್ಲ ಮಿಕ್ಕಿದ್ದು ಹಿಂದಿನ ಬೀದಿಯ ಅನಾಥಾಶ್ರಮಕ್ಕೆ ಹೋಗುತ್ತಿತ್ತು. ಅದರ ಫೋಟೋವನ್ನು ಗೇಟಿನ ಬೋರ್ಡಿನಲ್ಲಿ, ಮಕ್ಕಳ ಮುಖಕ್ಕಿಂತ ಕಂಪನಿಯ ಹೆಸರೇ ದಪ್ಪಗೆ ಕಾಣುವಂತೆ ಹಾಕಿದ್ದರು. ಶಿವಮಾದು ಬಂದ ತಿಂಗಳಲ್ಲೇ ಒಂದಗುಳೂ ಮಿಗದಂತಾಯಿತು. ಸಮಾಜಸೇವಾ ವಿಭಾಗದ ಮೇಡಂ ಕರೆಸಿದಾಗ ಬೆನ್ನು ತಟ್ಟುತ್ತಾರೆಂದೇ ಅವನು ಹೊಸ ಏಪ್ರನ್ ಕಟ್ಟಿಕೊಂಡು ಹೋದ.

"ಏನ್ರೀ, ಅನ್ನಾನೇ ಉಳೀತಿಲ್ವಂತೆ?"

"ಒಂದು ಸೌಟೂ ವೇಸ್ಟಾಗ್ತಿಲ್ಲ ಮೇಡಂ."

"ನಾಳೆ ಪ್ರಶಸ್ತಿ ಸಮಿತಿಯವರು ಬರ್ತಾರೆ. ನಮ್ಮ 'ಉಳಿದ ಅನ್ನ, ಹಸಿದ ಹೊಟ್ಟೆಗೆ' ಯೋಜನೆ ಅಂತ ಅವರಿಗೆ ಏನು ತೋರಿಸ್ಲಿ? ನೀವು ತೊಳೆದಿಟ್ಟ ಪಾತ್ರೇನಾ?"

ಶಿವಮಾದು ತಲೆ ಕೆರೆದುಕೊಂಡ. "ಆ ಮಕ್ಕಳಿಗೆ ಅಂತಲೇ ಬಿಸಿಬಿಸಿಯಾಗಿ ಮಾಡ್ಬುಡನಾ ಮೇಡಂ?"

ಮೇಡಂ ಒಂದು ಗಳಿಗೆ ಯೋಚಿಸಿದರು. "ಮಾಡಿ. ನೂರು ಜನಕ್ಕೆ ಜಾಸ್ತಿ ಮಾಡಿ. ಮಕ್ಕಳನ್ನ ಇಲ್ಲಿಗೇ ಕರೆಸ್ತೀನಿ."

ಎಂಥ ದೊಡ್ಡ ಮನಸ್ಸು ಎಂದುಕೊಂಡ ಶಿವಮಾದು, ಮರುದಿನ ತನ್ನ ಕೈಯಾರೆ ತುಪ್ಪ ಸುರಿದು ಪಲಾವ್ ಮಾಡಿದ. ಹನ್ನೆರಡೂವರೆಗೆ ಮಕ್ಕಳು ಬಂದು, ತಟ್ಟೆ ಮುಂದಿಟ್ಟುಕೊಂಡು ಸಾಲಾಗಿ ಕುಳಿತವು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ಒಂದು ಮಗು ಹೇಳಿತು. ಅವನು ಅವಸರದಿಂದ ಸೌಟು ಎತ್ತಿದ.

ಮೇಡಂ ಬಂದು ಅವನ ಕೈ ಹಿಡಿದರು.

"ತಡೀರಿ. ಸಮಿತಿಯವರು ಬರೋದು ಮೂರು ಗಂಟೆಗೆ. ಅಲ್ಲೀವರೆಗೂ ಅದು ಉಳೀಲಿ."