ಕಂಪಾಲಾದಿಂದ ಬಂದ ಅಧ್ಯಕ್ಷ

ಲಕ್ಷ್ಮೇಶ್ವರದಲ್ಲಿ ಬಸ್ಸು ಹತ್ತುವಾಗಲೇ ದೇವೇಂದ್ರಪ್ಪನಿಗೆ ಗೊತ್ತಾಯಿತು, ಹುಲಗಪ್ಪ ಬೆನ್ನು ಹತ್ತಿದ್ದಾನೆ. ಮುದಕಪ್ಪ ಧಣಿಯ ಬಡಿದಾಟದ ಆಳು ಅವನು. ಸರಿಯಾಗಿ ಹಿಂದಿನ ಸೀಟಿನಲ್ಲೇ ಬಂದು ಕೂತ.

“ಗದಗಕ್ಕೇನ್ರಿ ಸಾಹೇಬ್ರ?”

“ಹೌದು. ನೀನು?”

“ನೀವು ಇಳಿದಲ್ಲೇ ನಾನೂ ಇಳಿಯಾಂವ್ರಿ.”

ಮುದಕಪ್ಪ ಗದಗಿನ ಅರಳೆ ವ್ಯಾಪಾರಿ. ಅಲ್ಲಿಯ ಬ್ಯಾಂಕು ಹುಟ್ಟಿದಾಗಿನಿಂದ ಅದರ ಅಧ್ಯಕ್ಷ. ಇವತ್ತು ಮಧ್ಯಾಹ್ನ ಷೇರುದಾರರ ಸಭೆ. ಅವನನ್ನು ಇಳಿಸಿ ತಾನು ಅಧ್ಯಕ್ಷನಾಗಬೇಕೆಂದು ದೇವೇಂದ್ರಪ್ಪ ಬೇಸಿಗೆಯಿಂದ ಶಿರಹಟ್ಟಿ, ಮುಂಡರಗಿ ಸುತ್ತಿದ್ದ. ಬೆಟಗೇರಿಯ ನೇಕಾರರು, ಗಾಡಿ ಹೊಡೆಯುವವರು, ಕಾಳು ಹಸನು ಮಾಡುವ ಹೆಂಗಸರು ಹೊಟ್ಟೆ ಕಟ್ಟಿ ಉಳಿಸಿದ್ದೆಲ್ಲ ಆ ಬ್ಯಾಂಕಿನಲ್ಲಿತ್ತು. ಸಾಲ ಮಾತ್ರ ಧಣಿಯ ಬೀಗರಿಗೆ. ಆ ಬಡವರ ದುಡ್ಡು ಉಳಿಯಬೇಕಾದರೆ ಇವತ್ತು ತಾನು ಗೆಲ್ಲಲೇಬೇಕು.

ಹೋದ ಊರಲ್ಲೆಲ್ಲ ಒಂದೇ ಕಥೆ ಹೇಳಿದ್ದ. ಪೂರ್ವ ಆಫ್ರಿಕಾದ ಕಂಪಾಲಾದಲ್ಲಿ ಅವನು ಬ್ಯಾಂಕಿನ ಗುಮಾಸ್ತನಾಗಿದ್ದ. ಮ್ಯಾನೇಜರಿಕೆ ಬಿಳಿಯರದು. ಲೆಕ್ಕ ಬರೆಯುವುದು ಇವನಂಥವರಿಗೆ. ಆ ನೆಲದಲ್ಲೇ ಹುಟ್ಟಿದ ಕರಿಯನಿಗೆ ಕಸ ಹೊಡೆಯುವ ಕೆಲಸ. ದಿನಾ ಸಂಜೆ ಬಾಗಿಲಲ್ಲಿ ಇವನ ಕೋಟು ಬಿಚ್ಚಿಸಿ, ಕಿಸೆ ತಿರುವಿ, ಝಡತಿ ಮಾಡಿಯೇ ಹೊರಗೆ ಬಿಡುತ್ತಿದ್ದರು.

“ದೇಶ ನಮ್ಮದಾತು, ಹರಿದು ಹಂಚಿಹೋದ ಕನ್ನಡ ನಾಡೂ ಒಂದಾತು,” ಎನ್ನುತ್ತಿದ್ದ. “ನನ್ನ ಕೈಗೆ ಬ್ಯಾಂಕು ಕೊಡ್ರಿ. ಅಲ್ಲಿ ಯಾರೂ ಯಾರ ಕಿಸೆಗೂ ಕೈ ಹಾಕಂಗಿಲ್ಲ.”

ನಡುದಾರಿಯಲ್ಲಿ ಬಸ್ಸು ಕೆಟ್ಟಿತು. ಎರಡೂ ಕಡೆ ಎರೆಹೊಲ, ನರಪಿಳ್ಳೆ ಇಲ್ಲ. ಉಳಿದವರು ಗಿಡದ ನೆರಳಿಗೆ ಹೋದರು. ಹುಲಗಪ್ಪ ಮಾತ್ರ ರಸ್ತೆಗೆ ಅಡ್ಡ ನಿಂತು ಒಂದು ಅರಳೆ ಲಾರಿ ತಡೆದ. ಡ್ರೈವರನ ಕೊರಳಪಟ್ಟಿ ಹಿಡಿದು ಏನೋ ಅಂದ.

“ಹತ್ರಿ ಸಾಹೇಬ್ರ. ಹೊತ್ತಾಗತೈತಿ.”

ದೇವೇಂದ್ರಪ್ಪ ಒಂದು ಹೆಜ್ಜೆ ಹಿಂದೆ ಸರಿದ. “ಏನರ ಮಾಡಾವಿದ್ರ ಇಲ್ಲೇ ಮಾಡಿಬಿಡಪಾ.”

“ಇಲ್ಲೇನೈತ್ರಿ? ಕೆಲಸ ಇರೋದು ಗದಗಿನಾಗ.”

ಗದಗಿನಲ್ಲಿ ಸಭೆ ತುಂಬಿತ್ತು. ಜಗಳಕ್ಕೆ ಮೈ ಬಿಗಿಹಿಡಿದು ಒಳಗೆ ಕಾಲಿಟ್ಟರೆ ಜಗಳವೇ ಆಗಲಿಲ್ಲ. ದೇವೇಂದ್ರಪ್ಪನ ಹೆಸರಿಗೆ ಮೊದಲು ಎದ್ದ ಕೈ ಮುದಕಪ್ಪನದೇ. ಆಮೇಲೆ ಅವನು ಎದ್ದು ನಿಂತ.

“ತಿಜೋರಿ ತಗಿಸ್ತೀನಿ. ಎಣಿಸಿ ನೋಡಿ ಚಾರ್ಜ್ ತಗೋರಿ. ಅಲ್ಲಿ ನಿಮ್ಮ ಝಡತಿ ಮಾಡ್ತಿದ್ರಂತಲ್ಲ, ಇವತ್ತು ನನ್ನದೂ ಆಗಲಿ.” ಹೇಳುತ್ತಲೇ ಮುದುಕ ಕೋಟಿನ ಗುಂಡಿ ಬಿಚ್ಚತೊಡಗಿದ.

ಎಲ್ಲರ ಕಣ್ಣೂ ದೇವೇಂದ್ರಪ್ಪನ ಮೇಲೆ. ಅವನು ಧಾವಿಸಿ ಹೋಗಿ ಆ ಕೈ ಹಿಡಿದುಕೊಂಡ.

“ಬ್ಯಾಡ್ರಿ ಧಣ್ಯಾರ. ನಾನು ಬಿಳಿಯನಲ್ಲ.”

ಎಲ್ಲ ಸರಿಯಾಗಿ ಕೈಸೇರಿದೆ ಎಂದು ಅಲ್ಲೇ ಬರೆದು ಸಹಿ ಹಾಕಿದ. ಚಪ್ಪಾಳೆ ನಿಲ್ಲಲಿಲ್ಲ. ಮುದಕಪ್ಪ ಕಣ್ಣೊರೆಸಿಕೊಂಡು, ಎಲ್ಲರಿಗೂ ಕೈಮುಗಿದು ಹೊರಟ.

ಜನ ಕರಗಿದ ಮೇಲೆ ಹುಲಗಪ್ಪ ಒಬ್ಬನೇ ಉಳಿದ. ದೇವೇಂದ್ರಪ್ಪ ನಕ್ಕ. “ದಾರಿಯಾಗ ನನ್ನ ಮುಗಿಸ್ತೀ ಅಂತ ಅಂಜಿದ್ದೆ ನೋಡು.”

“ಏ, ಹಂಗ್ಯಾಕ್ರಿ. ಸಹಿ ಬೀಳೋಮಟ ನಿಮಗೊಂದು ಮುಳ್ಳೂ ಚುಚ್ಚಬಾರದು ಅಂದಿದ್ರು.”

ನಗೆ ಮುಖದ ಮೇಲೇ ಒಣಗಿತು. “ಧಣ್ಯಾರು ಎಲ್ಲಿ ಅದಾರ?”

“ಟೇಶನ್ನಿಗೆ ಹೋದ್ರು. ಮನಿಮಂದಿ ಮೊನ್ನೇನ ಸೊಲ್ಲಾಪುರ ಮುಟ್ಟ್ಯಾರ.” ಹುಲಗಪ್ಪ ಕದ ಮುಂದೆ ಮಾಡಿ ಅಗಳಿ ಹಾಕಿದ.

“ನನ್ನವೂ ನಾಕು ದುಡ್ಡು ಇಲ್ಲೇ ಇದ್ವುರಿ ಸಾಹೇಬ್ರ. ಧಣ್ಯಾರನ್ನ ಕೇಳಿದ್ದಕ್ಕ, ತಿಜೋರಿ ಖಾಲಿ ಐತಿ, ಇನ್ನ ಮ್ಯಾಲೆ ಸಹಿ ಮಾಡಿದಾಂವನ್ನ ಕೇಳು ಅಂದ್ರು.”