ಎರಕದ ಸದ್ದು

"ಇದೂ ಬಿರುಕು!" ಮುರುಗೇಶಪ್ಪ ಆ ಪುಟ್ಟ ಉಕ್ಕಿನ ಗಾಲಿಯನ್ನು ಗುಜರಿ ರಾಶಿಗೆ ಎಸೆದು ಇನ್ನೊಂದನ್ನು ಎತ್ತಿಕೊಂಡರು. ಕ್ಯಾನ್ಸರ್ ಇಂಜೆಕ್ಷನ್ನುಗಳೆಲ್ಲ ಮುಗಿದು, ಮಾಚೇನಹಳ್ಳಿಯ ಫೌಂಡ್ರಿಗೆ ಅವರು ಮರಳಿದ ಮೊದಲ ದಿನ ಅದು. ಸುತ್ತಿಗೆಯಿಂದ ಬಡಿದು, ಸದ್ದು ಕೇಳಿಯೇ ಮಾಲು ಪಾಸು ಮಾಡುವ ಕೆಲಸ ಅವರದು. ಗಟ್ಟಿ ಎರಕ ಗಂಟೆಯಂತೆ ಮೊಳಗುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಗೊಣಗುತ್ತದೆ.

ಮಗಳು ತನುಜಾ ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದಳು. "ಅಪ್ಪಾ, ಲ್ಯಾಬಿನಿಂದ ಸೀದಾ ಬಂದೆ. ನಿಮಗೆ ಕೊಟ್ಟಿದ್ದು ಪ್ಲಾಟಿನಮ್ ಔಷಧಿ. ಅದು ಗೆಡ್ಡೆ ಜೊತೆಗೆ ಕಿಡ್ನಿ, ಕಿವಿ ಅಂತ ಒಳ್ಳೆ ಜೀವಕೋಶಾನೂ ತಿನ್ನುತ್ತೆ. ನಾವು ರುಥೇನಿಯಮ್ ಅನ್ನೋ ಇನ್ನೊಂದು ಲೋಹದಲ್ಲಿ ಮಾಡಿದ್ದು ಗಾಜಿನ ತಟ್ಟೇಲಿ ಕ್ಯಾನ್ಸರ್ ಕೋಶಾನ ಮಾತ್ರ ಕೊಂದಿದೆ! ಒಳ್ಳೇವು ಹಾಗೇ ಉಳಿದಿವೆ!"

"ನನ್ನ ಗೆಡ್ಡೆ ಹೋಯ್ತಲ್ಲ ಮಾರಾಯ್ತಿ, ಇನ್ನೇನು ಬೇಕು? ಮೊದಲು ಈ ಎರಕ ಹೊಯ್ದೋರನ್ನ ವಿಚಾರಿಸ್ಕೊಳ್ತೀನಿ. ಬೆಳಗ್ಗಿಂದ ಒಂದಾದ್ರೂ ನೆಟ್ಟಗಿಲ್ಲ!" ಸಿಟ್ಟಿನಲ್ಲಿ ಅವರು ಕೈಯಲ್ಲಿದ್ದ ಗಾಲಿಗೆ ಜೋರಾಗಿ ಬಡಿದರು.

ಠಣ್ಣೆಂದ ಸದ್ದು ಶೆಡ್ಡಿನ ತಗಡಿಗೆಲ್ಲ ಹಬ್ಬಿ ಬಹಳ ಹೊತ್ತು ಮೊಳಗಿತು. ತನುಜಾ ಗುಜರಿ ರಾಶಿಯತ್ತ ತಿರುಗಿ, ಮತ್ತೆ ಅಪ್ಪನ ಕಿವಿಯತ್ತ ನೋಡಿದಳು.

"ಕೇಳಿಸ್ತಲ್ಲ?" ಎಂದರು ಅಪ್ಪ. "ಇದೂ ಬಿರುಕು."